ಬೆಲ್ಟ್ ಕಂಪನಿಯ ಜೀಪು, ಆ ವರ್ಷದ ನವಮಿ

ಕಳೆದ ವರ್ಷ ತಂಗಿಯ ಮೊಮ್ಮಗಳ ಮದುವೆಗೆಂದು ಕೊಚ್ಚಿಗೆ ಹೋಗಿದ್ದೆ. ಆಲುವದಲ್ಲಿ ಮೆಟ್ರೋ ಇಳಿದು ಆಟೋಗೆ ಕಾಯುತ್ತ ನಿಂತಾಗ ಎದುರಿಗೆ ಒಂದು ಹಳೆಯ ಕಾರು ಕಿರುಚಿಕೊಂಡು ನಿಂತುಬಿಟ್ಟಿತು. ಬಾನೆಟ್ ಎತ್ತಿದ್ದೇ ತಡ, ಸುಟ್ಟ ರಬ್ಬರಿನ ಘಾಟು ಮೂಗಿಗೆ ಬಡಿಯಿತು. ಸುತ್ತಲಿದ್ದವರು ಮೂಗು ಮುಚ್ಚಿಕೊಂಡರು. ನಾನು ಹಲ್ಲು ಕಚ್ಚಿಕೊಂಡೆ. ಹಳೆಯ ವಾಸನೆ ಬಂದರೆ ಕೆಲವರಿಗೆ ಅಮ್ಮನ ಅಡುಗೆಮನೆ ನೆನಪಾಗುತ್ತದಂತೆ. ನನಗೆ ನೆನಪಾದದ್ದು ನರಸಿಂಹಮೂರ್ತಿ ಎಂಬ ಫ್ಯಾನ್ ಬೆಲ್ಟ್ ಕಂಪನಿಯ ಮ್ಯಾನೇಜರು. ಅವರು ಈಗ ಇಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗ ಆಡುವುದಕ್ಕೆ ನನಗೆ ಸಂದರ್ಭ ಒದಗಲಿಲ್ಲ, ಆದ್ದರಿಂದ ಈಗ ಆಡುತ್ತೇನೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಊರು ಸಂಡೂರು. ಅಪ್ಪ ಅಲ್ಲಿನ ಗಣಿಯೊಂದರಲ್ಲಿ ಜೀಪು, ಲಾರಿಗಳ ಉಸ್ತುವಾರಿ ನೋಡುತ್ತಿದ್ದವರು. ಗಂಡುಮಕ್ಕಳಿಲ್ಲದ ಮನೆ. ಕೆಂಪು ಧೂಳಿನ ಏರುದಾರಿಯಲ್ಲಿ ನನ್ನನ್ನೇ ಕೂರಿಸಿ ಗಾಡಿ ಕಲಿಸಿದರು, ಊರವರು ಆಡಿಕೊಂಡರೂ ಬಿಡದೆ ಲೈಸೆನ್ಸ್ ಮಾಡಿಸಿಕೊಟ್ಟರು. ಆ ಲೈಸೆನ್ಸು ತಿರುವನಂತಪುರದಲ್ಲಿ ನನ್ನ ಟ್ರಂಕಿನ ತಳದಲ್ಲಿ ಬಿದ್ದಿತ್ತು. ತಂಪಾನೂರು ಸ್ಟೇಷನ್ನಿನ ಹಿಂದಿನ ಹೆಂಗಸರ ಹಾಸ್ಟೆಲಿನಿಂದ ಕಚೇರಿಗೆ, ಕಚೇರಿಯಿಂದ ಹಾಸ್ಟೆಲಿಗೆ. ಗಾಣದ ಎತ್ತಿಗೂ ನನಗೂ ಇದ್ದ ವ್ಯತ್ಯಾಸವೆಂದರೆ ಎತ್ತಿಗೆ ಕಣ್ಣು ಕಟ್ಟಿರುತ್ತಾರೆ. ಮುಂದಿನ ಬೇಸಿಗೆಗೆ ಮದುವೆ ಎಂದು ಮನೆಯಲ್ಲಿ ಮಾತಾಗಿತ್ತು. ವರ ಒಳ್ಳೆಯವರೇ. ಆದರೆ ಅವರ ಮನೆಯಲ್ಲಿ ಹೆಂಗಸರು ಸೈಕಲ್ಲನ್ನೂ ಮುಟ್ಟಿದವರಲ್ಲ ಎಂಬುದು ನನಗೆ ಗೊತ್ತಿತ್ತು.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವ ಸುಬ್ರಾಯ, ಕಾಸರಗೋಡಿನ ಕನ್ನಡಿಗ. ‘ನಾನು ಎರಡು ಸರ್ಕಾರಕ್ಕೂ ಬೇಡವಾದವ’ ಎಂದು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದ. ನಕಾಶೆಗಳ ಹುಚ್ಚಿನವ. ಅವನಿಗೊಬ್ಬ ಗೆಳೆಯ, ಊರಂಚಿನ ಶ್ರೀಕಾರ್ಯಂನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಪಾಠ ಹೇಳುತ್ತಿದ್ದ ಕುರಿಯನ್ ಮೇಷ್ಟ್ರು. ಈ ಕುರಿಯನ್ ಮಿಲಿಟರಿಯವರು ಹರಾಜು ಹಾಕಿದ ಒಂದು ಜೀಪನ್ನು ಕೊಂಡು ತಂದಿದ್ದರು. ಕೊಚ್ಚಿಯ ಸಮುದ್ರದಂಡೆಯಿಂದ ಹೊರಟು, ಆದಷ್ಟೂ ಟಾರು ರಸ್ತೆ ಬಿಟ್ಟು, ಘಟ್ಟದ ಕೂಪುದಾರಿ, ದಖ್ಖನಿನ ಬಂಡಿಜಾಡು ಹಿಡಿದು ಕಛ್ಛದ ರಣದ ಉಪ್ಪಿನ ಬಯಲು ಮುಟ್ಟಬೇಕು ಎಂಬುದು ಅವರ ಯೋಜನೆ. ಕೇಳಿದವರೆಲ್ಲ ಮೊದಲು ನಗುತ್ತಿದ್ದರು, ಆಮೇಲೆ ‘ಯಾಕೆ’ ಎನ್ನುತ್ತಿದ್ದರು.

ಮುಂಗಾರು, ಅಲ್ಲಿಯವರ ಇಡವಪಾತಿ ಮಳೆ, ಹಿಡಿದ ಒಂದು ಭಾನುವಾರ ಸುಬ್ರಾಯ ನನ್ನನ್ನು ಜೀಪು ತೋರಿಸಲು ಕರೆದೊಯ್ದ. ಹೋಗಿ ನೋಡಿದರೆ ಜೀಪು ಇಳಿಜಾರಿನ ಕೆಸರಿನಲ್ಲಿ ಅಚ್ಚಿನವರೆಗೆ ಹೂತಿತ್ತು. ಕುರಿಯನ್ ಆಕ್ಸಿಲರೇಟರ್ ತುಳಿದಷ್ಟೂ ಅದು ಇಳಿಯುತ್ತಿತ್ತು. ನಾನು ಸುಮ್ಮನಿರಲಾರದೆ, ಇಳಿಯಿರಿ ಸಾರ್, ನಾನೊಮ್ಮೆ ನೋಡುತ್ತೇನೆ ಎಂದೆ. ಸೀರೆ ಎತ್ತಿ ಕಟ್ಟಿಕೊಂಡು ಕೂತು, ನಾಲ್ಕೂ ಚಕ್ರಕ್ಕೆ ಬಲ ಹೋಗುವ ಸಣ್ಣ ಗೇರಿಗೆ ಹಾಕಿ, ಎಂಜಿನ್ ಅರಚದಂತೆ ಮೆಲ್ಲಗೆ ಬಿಟ್ಟೆ. ಜೀಪು ಎದ್ದು ಬಂತು. ಕುರಿಯನ್ ಮಳೆಯಲ್ಲೇ ನಿಂತು, ‘ಗಿರಿಜಾ, ರಣದಲ್ಲಿ ಇದನ್ನು ಓಡಿಸುವುದು ನೀವೇ’ ಎಂದರು. ಆ ಮಾತನ್ನು ನಾನು ಕೈಗೆ ಕೊಟ್ಟ ವಸ್ತುವಿನಂತೆ ಇಟ್ಟುಕೊಂಡೆ. ದಾರಿಯೇ ಇಲ್ಲದ ಆ ಬಯಲಿನಲ್ಲಿ, ಹಿಂದಿನಿಂದ ಹಾರ್ನ್ ಹೊಡೆದು ‘ಪಕ್ಕಕ್ಕೆ ಹೋಗಮ್ಮ’ ಎನ್ನುವವರಿಲ್ಲದ ಕಡೆ, ಒಮ್ಮೆ ಸ್ಟೇರಿಂಗ್ ಹಿಡಿಯಬೇಕು. ನನಗೆ ಬೇಕಿದ್ದದ್ದು ಅಷ್ಟೇ, ಮತ್ತು ಅದು ನನಗೆ ಬಹಳ ಬೇಕಿತ್ತು.

ಜೀಪಿನ ಎಂಜಿನ್ ಬಿಚ್ಚಿ ಕಟ್ಟಬೇಕಿತ್ತು. ಅದಕ್ಕೆ ಯಾವುದಾದರೂ ಕಂಪನಿ ಬೆನ್ನಿಗೆ ನಿಲ್ಲಬೇಕು. ಶನಿವಾರ ರಜೆ ಹಾಕಿ ನಾವು ಮೂವರೂ ಕೊಚ್ಚಿಯ ಆಫೀಸುಗಳನ್ನು ಸುತ್ತಿದೆವು. ಮಳೆಯಲ್ಲಿ ತೊಯ್ದ ಬಟ್ಟೆಯಲ್ಲಿ ಫ್ಯಾನಿನ ಕೆಳಗೆ ಕಾಯಿಸುವುದು ಅಲ್ಲಿನ ಎಲ್ಲ ಕಂಪನಿಗಳಿಗೂ ಬಂದ ವಿದ್ಯೆ. ಚಹಾ ಕಂಪನಿಯವರು ಚಹಾ ಕೂಡ ಕೊಡದೆ ಕಳುಹಿಸಿದರು. ಬಣ್ಣದ ಕಂಪನಿಯ ಒಬ್ಬ, ‘ಮರುಭೂಮಿಯಲ್ಲಿ ನಮ್ಮ ಬಣ್ಣ ಕೊಳ್ಳುವವರು ಯಾರು’ ಎಂದ. ಹಡಗಿನ ಏಜೆಂಟನೊಬ್ಬ ನನ್ನನ್ನು ನೋಡಿಕೊಂಡೇ, ‘ನೀವು ಇವರಲ್ಲಿ ಯಾರ ಹೆಂಡತಿ’ ಎಂದು ಕೇಳಿದ. ಸುಬ್ರಾಯ ಹೊರಗೆ ಬಂದು, ‘ಆ ಮನುಷ್ಯನನ್ನು ಹಡಗಿಗೆ ಕಟ್ಟಿ ಬಿಡಬೇಕು ಮಾರಾಯ್ತಿ’ ಎಂದ. ನನಗೆ ನಗು ಬರಲಿಲ್ಲ.

ಕೊನೆಗೆ ಆಲುವದ ಹತ್ತಿರ ಲಾರಿಗಳಿಗೆ ಫ್ಯಾನ್ ಬೆಲ್ಟ್, ರಬ್ಬರ್ ಹೋಸು ಮಾಡುವ ಕಂಪನಿಯ ಬಾಗಿಲು ತೆರೆಯಿತು. ತೆರೆದವರು ಮ್ಯಾನೇಜರ್ ಮೂರ್ತಿ, ಮೈಸೂರಿನವರು. ಹೋಗಿ ಕೂತಾಗ ಕಾರ್ಖಾನೆಯ ಬಿಸಿ ರಬ್ಬರಿನ ವಾಸನೆ ಅವರ ಫಿಲ್ಟರ್ ಕಾಫಿಯೊಳಗೂ ಇತ್ತು.

‘ಓಹೋ, ನಮ್ಮ ಕಡೆ ಹುಡುಗಿ. ಯಾವೂರಮ್ಮ?’

‘ಸಂಡೂರು, ಸಾರ್.’

‘ಸಂಡೂರಾ. ಇರಲಿ, ಅದೂ ಈಗ ಮೈಸೂರು ರಾಜ್ಯಕ್ಕೇ ಸೇರಿದೆಯಲ್ಲ.’

ಏನೋ ಪಾಪ ಎಂದು ಕ್ಷಮಿಸಿದವರ ಧ್ವನಿ ಅದು. ಆದರೂ ಒಪ್ಪಿದರು. ಎಂಜಿನ್ ಕೆಲಸ ಅವರ ವರ್ಕ್‌ಶಾಪಿನಲ್ಲೇ ಆಗುತ್ತದೆ, ಟೈರು, ಪೆಟ್ರೋಲು ಕಂಪನಿಯದು, ಬದಲಿಗೆ ಬಾನೆಟ್ಟಿನ ಮೇಲೆ ಕಂಪನಿಯ ಹೆಸರು. ಹೊರಗೆ ಬಂದಾಗ ಕುರಿಯನ್ ನನ್ನ ಕೈ ಕುಲುಕಿದರು. ಕನ್ನಡದವರು ಇದ್ದದ್ದಕ್ಕೆ ಆಯಿತು ಎಂದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಈ ಗಿಡ ಮದ್ದಾಗದಿದ್ದರೆ ಹೋಗಲಿ, ಮೈಯೆಲ್ಲ ತುರಿಕೆ ತಂದಿತು.

ಕರ್ಕಾಟಕ ಮಾಸದ, ಅಂದರೆ ನಮ್ಮ ಆಷಾಢದ ಹೊತ್ತಿನ, ಮಳೆಯಲ್ಲಿ ಮೂರ್ತಿ ಹೇಳಿಕಳುಹಿಸಿದರು, ರೇಷ್ಮೆ ಸೀರೆ ಉಟ್ಟು ಬರಬೇಕಂತೆ, ಫೋಟೋ. ಉಟ್ಟು ಹೋದೆ. ಸ್ಟೇರಿಂಗ್ ಹಿಡಿಸಿ, ತಲೆ ವಾಲಿಸಿ ನಗಿಸಿ, ಮಲ್ಲಿಗೆ ಮುಂದಕ್ಕೆ ಹಾಕಿಸಿ ಚಿತ್ರ ತೆಗೆಸಿದರು. ಕಂಪನಿಯ ಜಾಹೀರಾತಿಗಂತೆ. ಅದು ಮುಗಿದ ಮೇಲೆ ನಮ್ಮ ಮೂವರನ್ನೂ ಒಳಗೆ ಕರೆದು, ಕುರಿಯನ್ನರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಒಪ್ಪಂದ ಓದಿದರು. ಓಡಿಸುವವರು ಕುರಿಯನ್, ಸುಬ್ರಾಯ, ಮತ್ತು ಕಂಪನಿಯ ಸೇಲ್ಸ್ ಆಫೀಸರು. ಅಷ್ಟೇ.

‘ಸಾರ್, ನಾನು?’ ಎಂದೆ ಕನ್ನಡದಲ್ಲಿ.

‘ನೋಡಿಮ್ಮ, ಬೇಜಾರು ಮಾಡ್ಕೋಬೇಡಿ. ಗಂಡಸು ಓಡಿಸ್ವಾಗ ಗಾಡಿ ಕೆಟ್ರೆ ಜನ ರಸ್ತೆ ಸರಿ ಇಲ್ಲ ಅಂತಾರೆ. ಹೆಂಗಸು ಓಡಿಸ್ವಾಗ ಕೆಟ್ರೆ ಬೆಲ್ಟ್ ಸರಿ ಇಲ್ಲ ಅಂತಾರೆ. ನಾನು ಬೆಲ್ಟ್ ಮಾರೋನು.’

‘ಹಂಗಾದ್ರ ಫೋಟೋ ಯಾಕ್ರಿ ಸಾರ್?’

‘ಫೋಟೋದಲ್ಲಿ ಗಾಡಿ ಕೆಡಲ್ಲವಲ್ಲ’ ಎಂದು ತಮ್ಮ ಜಾಣತನಕ್ಕೆ ತಾವೇ ನಕ್ಕರು.

ನಾನು ಕುರಿಯನ್ ಕಡೆ ನೋಡಿದೆ. ಅವರು ಚಹಾಕ್ಕೆ ಹಾಕಿದ್ದ ಸಕ್ಕರೆ ಯಾವಾಗಲೋ ಕರಗಿತ್ತು, ಅವರು ಮಾತ್ರ ಕಲಕುತ್ತಲೇ ಇದ್ದರು. ಹೊರಗೆ ಬಂದ ಮೇಲೆ, ‘ಎಂಜಿನ್ ಅವರ ಕೈಯಲ್ಲಿದೆ, ಏನು ಮಾಡಲಿ’ ಎಂದರು. ಕೊಚ್ಚಿಯಲ್ಲಿ ಕೂತು ತಂತಿ, ಟೆಲಿಫೋನು ನೋಡಿಕೊಳ್ಳುವವರು ಒಬ್ಬರು ಬೇಕು, ಅದು ಬಹಳ ಜವಾಬ್ದಾರಿಯ ಕೆಲಸ ಎಂದರು. ಜವಾಬ್ದಾರಿ ಎಂಬ ಮಾತನ್ನು ಹೆಂಗಸಿನ ಮುಂದೆ ಯಾವಾಗ ತೆಗೆಯುತ್ತಾರೆಂದು ನನಗೆ ಅಷ್ಟೊತ್ತಿಗೆ ತಿಳಿದಿತ್ತು. ನನಗೆ ಮೂರ್ತಿಯ ಮೇಲೆ ಬಂದದ್ದು ಸಿಟ್ಟು. ಕುರಿಯನ್ ಮೇಲೆ ಬಂದದ್ದು ಹೇಸಿಗೆ, ಅದು ಸಿಟ್ಟಿಗಿಂತ ಹೆಚ್ಚು ದಿನ ಉಳಿಯಿತು.

ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಹಟ ಎನ್ನಿ. ಬಿಡುವಿದ್ದ ಭಾನುವಾರಗಳಲ್ಲಿ ಅವರ ಜೊತೆ ರೈಲಿನಲ್ಲಿ ಆಲುವಕ್ಕೆ ಹೋಗಿ ವರ್ಕ್‌ಶಾಪಿನಲ್ಲಿ ನಿಲ್ಲುತ್ತಿದ್ದೆ. ಅಲ್ಲಿಯೂ ನನಗೆ ಆರತಿ ಎತ್ತುವವರು ಇರಲಿಲ್ಲ. ಮೇಸ್ತ್ರಿ ವಾಸು, ಅಲ್ಲಿನ ಕೆಲಸಗಾರರಿಗೆಲ್ಲ ‘ಆಶಾನ್’, ಎಂದರೆ ಗುರು, ನನ್ನನ್ನು ಕಂಡರೆ ಮುಖ ಗಂಟು ಹಾಕುತ್ತಿದ್ದ. ‘ಮೇಡಂ, ಸೀರೆ ಫ್ಯಾನಿಗೆ ಸಿಕ್ಕೀತು, ದೂರ ನಿಲ್ಲಿ’ ಎಂಬುದು ಅವನ ನಮಸ್ಕಾರ. ಸ್ಪ್ಯಾನರ್ ಕೇಳಿದರೆ ಕೇಳಿಸದವನಂತೆ ತಿರುಗಿ ಅದನ್ನು ಸುಬ್ರಾಯನ ಕೈಗೆ ಕೊಡುತ್ತಿದ್ದ, ಸುಬ್ರಾಯ ಅದನ್ನು ನನಗೆ ದಾಟಿಸುತ್ತಿದ್ದ. ಮೂರ್ತಿಯನ್ನು ಕಂಡರೂ ಆ ಕೆಲಸಗಾರರಿಗೆ ಆಗುತ್ತಿರಲಿಲ್ಲ. ಒಟ್ಟಿನಲ್ಲಿ ಆ ಶೆಡ್ಡಿನಲ್ಲಿ ಎಲ್ಲರೂ ಎಲ್ಲರ ಮೇಲೂ ಹಲ್ಲು ಮಸೆಯುತ್ತಿದ್ದರು, ಮಧ್ಯದಲ್ಲಿ ಜೀಪೊಂದು ದಿನದಿನಕ್ಕೂ ಚೆನ್ನಾಗುತ್ತಿತ್ತು. ಸೆಲ್ಫ್ ಸ್ಟಾರ್ಟರ್ ಮಾತ್ರ ಸರಿಹೋಗಲಿಲ್ಲ, ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಿಯೇ ಹೊರಡಿಸಬೇಕು.

ನವರಾತ್ರಿ ಬಂತು. ಮೂರ್ತಿ ಪ್ರತಿ ವರ್ಷ ದಸರೆಗೆ ಮೈಸೂರಿಗೆ ಓಡುವವರು, ಆಲುವದ ನವರಾತ್ರಿಯನ್ನು ಕಂಡವರೇ ಅಲ್ಲ. ಆ ವರ್ಷ ಬೊಂಬಾಯಿಯಿಂದ ಕಂಪನಿಯ ಚೇರ್ಮನ್ ಬರುತ್ತಾರೆಂದು ಅವರ ಪ್ರಯಾಣ ನಿಂತಿತು. ನಿಂತದ್ದನ್ನೇ ಲಾಭ ಮಾಡಿಕೊಳ್ಳೋಣವೆಂದು, ನವಮಿಯ ಬೆಳಿಗ್ಗೆ ಆಯುಧಪೂಜೆ ಮಾಡಿಸಿ, ಚೇರ್ಮನ್ನರ ಎದುರಿಗೆ ಜೀಪನ್ನು ಹಿಂದಿನ ಗುಡ್ಡ ಹತ್ತಿಸಿ ತೋರಿಸುವುದೆಂದು ಗೊತ್ತುಮಾಡಿದರು. ಒಪ್ಪಂದಕ್ಕೆ ಚೇರ್ಮನ್ನರ ಸಹಿ ಅಲ್ಲೇ ಆಗುವುದಿತ್ತು.

ನಾವು ಹೋದಾಗ ಶೆಡ್ಡು ಗುಡಿಸಿ ಸಾರಿಸಿದಂತಿತ್ತು. ಸರಸ್ವತಿಯ ಪಟ, ಅದರ ಮುಂದೆ ಕೆಂಪು ರೇಷ್ಮೆ ವಸ್ತ್ರ, ವಸ್ತ್ರದ ಮೇಲೆ ಗಂಧ ಹಚ್ಚಿದ ಸ್ಪ್ಯಾನರುಗಳು, ಸುತ್ತಿಗೆಗಳು, ನಟ್ಟನಡುವೆ ನಮ್ಮ ಜೀಪಿನ ಹ್ಯಾಂಡಲ್. ಬಣ್ಣದವನ ಬ್ರಷ್ಷುಗಳೂ ಅಲ್ಲೇ. ಹಾಗಾಗಿ ಬಾನೆಟ್ಟಿನ ಮೇಲೆ ಕಂಪನಿಯ ಹೆಸರು ಅರ್ಧಕ್ಕೇ ನಿಂತಿತ್ತು. ಬಾಗಿಲಲ್ಲಿ ಮೇಸ್ತ್ರಿಯೂ ಅವನ ಜನರೂ ಬಿಳಿ ಮುಂಡು ಉಟ್ಟು ಸುಮ್ಮನೆ ನಿಂತಿದ್ದರು. ಸುಬ್ರಾಯ ಒಂದು ಸಲ ನೋಡಿ ನನ್ನ ಕಿವಿಯಲ್ಲಿ ಹೇಳಿದ.

‘ಕೆಲಸ ಕೆಟ್ಟಿತು ಮಾರಾಯ್ತಿ. ನಿಮ್ಮ ಕಡೆಯ ಹಾಗಲ್ಲ ಇಲ್ಲಿ. ಅಷ್ಟಮಿ ಸಂಜೆ ಪೂಜೆಗೆ ಇಟ್ಟದ್ದನ್ನು ದಶಮಿ ಬೆಳಿಗ್ಗೆವರೆಗೆ ಯಾರೂ ಮುಟ್ಟುವುದಿಲ್ಲ. ಮಕ್ಕಳು ಪುಸ್ತಕ ಸಹ ಮುಟ್ಟುವುದಿಲ್ಲ.’

ಮೂರ್ತಿ ಚೇರ್ಮನ್ನರ ಜೊತೆ ಕಾರಿನಿಂದ ಇಳಿದರು. ಡ್ರೈವರ್ ಹಿಂದಿನಿಂದ ಬೂದುಗುಂಬಳಕಾಯಿ, ನಿಂಬೆಹಣ್ಣು ಹೊತ್ತು ತಂದ. ನಮ್ಮ ಕಡೆಯ ನವಮಿ ಅದು. ಗಾಡಿ ತೊಳೆದು, ಪೂಜೆ ಮಾಡಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಅದೇ ಗಳಿಗೆಯಲ್ಲಿ ಓಡಿಸಬೇಕು. ಓಡಿಸದಿದ್ದರೇ ಅಪಶಕುನ. ಮೇಸ್ತ್ರಿ ಮುಂದೆ ಬಂದು, ಪೂಜೆಗೆ ಇಟ್ಟಿದೆ, ನಾಳೆ ಬೆಳಿಗ್ಗೆ ಎತ್ತುತ್ತೇವೆ, ಆಮೇಲೆ ಎಲ್ಲಿಗೆ ಬೇಕಾದರೂ ಹತ್ತಿಸಿ ತೋರಿಸುತ್ತೇವೆ ಎಂದ. ಕೈಮುಗಿದೇ ಹೇಳಿದ. ಚೇರ್ಮನ್ ನಾಳೆ ಬೆಳಗಾಗುವ ಮೊದಲೇ ಹೋಗುವವರಿದ್ದರು. ಮೂರ್ತಿಯ ಮುಖ ಕೆಂಪಾಯಿತು.

‘ಪೂಜೆ ಅಂದ್ರೆ ಏನು ಅಂತ ನನಗೆ ಹೇಳಿಕೊಡ್ತೀಯಾ’ ಎಂದು ಕನ್ನಡದಲ್ಲೇ ಗದರಿ, ಚಪ್ಪಲಿ ಬಿಟ್ಟು, ನೆಟ್ಟಗೆ ಹೋಗಿ ವಸ್ತ್ರದ ಮೇಲಿಂದ ಹ್ಯಾಂಡಲ್ ಎತ್ತಿಕೊಂಡುಬಿಟ್ಟರು. ಬಾಗಿಲಲ್ಲಿದ್ದವರಿಂದ ಒಂದು ಸದ್ದು ಬಂತು. ಮಾತಲ್ಲ, ಉಸಿರು.

ಎತ್ತಿದ್ದೇನೋ ಆಯಿತು, ತಿರುಗಿಸುವವರು ಯಾರು? ಸೇಲ್ಸ್ ಆಫೀಸರ್ ಕಡೆ ಚಾಚಿದರು. ಅವನು ಹಿಂದೆ ಸರಿದು, ‘ಸಾರೇ, ನನ್ನ ಮನೆಯಲ್ಲೂ ಪೂಜೆಗೆ ಇಟ್ಟಿದ್ದೇವೆ’ ಎಂದ. ಕುರಿಯನ್, ತಾನು ಕ್ರಿಶ್ಚಿಯನ್, ಈ ದಿನ ತಾನು ಮುಟ್ಟಿದರೆ ದೊಡ್ಡ ಗಲಾಟೆಯಾಗುತ್ತದೆ ಎಂದರು. ಅದು ನಿಜವೇ. ಸುಬ್ರಾಯ ನೆಲ ನೋಡುತ್ತ, ‘ನನ್ನಿಂದ ಆಗುವುದಿಲ್ಲ’ ಎಂದ. ಚೇರ್ಮನ್ ಗಡಿಯಾರ ನೋಡಿದರು. ಆಗ ಮೂರ್ತಿ ನನ್ನ ಹತ್ತಿರ ಬಂದರು. ದನಿ ಇಳಿಸಿದರು. ಇಷ್ಟು ದಿನ ನೀವು ಎನ್ನುತ್ತಿದ್ದವರು ನೀನು ಎಂದರು.

‘ನೋಡಮ್ಮ, ನೀನು ನಮ್ಮವಳು. ನಮ್ಮ ಕಡೆ ಇವತ್ತು ಗಾಡಿ ಓಡಿಸದೆ ಬಿಡ್ತಾರಾ? ಹತ್ತು, ಗುಡ್ಡ ಹತ್ತಿಸಿ ತೋರಿಸು. ರಣ ನಿಂದೇ. ಈಗ್ಲೇ ಚೇರ್ಮನ್ ಎದುರಿಗೇ ನಿನ್ನ ಹೆಸರು ಬರೆಸ್ತೀನಿ.’

ಹ್ಯಾಂಡಲ್ ನನ್ನ ಕೈಗೆ ಬಂತು. ಗಂಧ ಇನ್ನೂ ಒದ್ದೆಯಿತ್ತು. ನನಗೆ ಅದರಲ್ಲಿ ಪಾಪವೇನೂ ಕಾಣಲಿಲ್ಲ, ಸಂಡೂರಿನಲ್ಲಿ ಅಪ್ಪ ಅದೇ ಹೊತ್ತಿಗೆ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಗಣಿಯ ಸುತ್ತ ಜೀಪು ಓಡಿಸುತ್ತಿರುತ್ತಾರೆ. ಬಾಗಿಲಲ್ಲಿದ್ದವರೂ ನನಗೆ ಬಂಧುಗಳಲ್ಲ, ಒಂದು ಸ್ಪ್ಯಾನರ್ ನೇರವಾಗಿ ಕೈಗೆ ಕೊಡದವರು. ನಾಲ್ಕು ಹೆಜ್ಜೆ ಹಾಕಿ ಹ್ಯಾಂಡಲ್ ತಿರುಗಿಸಿದ್ದರೆ ನಾನು ಬೇಡಿದ್ದೆಲ್ಲ ಸಿಗುತ್ತಿತ್ತು. ಅಲ್ಲೇ ನಿಂತು, ಉಪ್ಪಿನ ಬಯಲನ್ನು ಒಂದು ಸಲ ಕಣ್ಣಿಗೆ ತಂದುಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಗಂಡಸರೆಲ್ಲ ಒಬ್ಬೊಬ್ಬರಾಗಿ ಬೇಡವೆಂದ ಮೇಲೆ, ಯಾರೂ ಮುಟ್ಟಲೊಲ್ಲದ ಕೆಲಸಕ್ಕೆ ನಾನು ಡ್ರೈವರ್ ಆದೆನಲ್ಲ. ನಾಳೆ ಈ ಜನ ಕೆಲಸ ನಿಲ್ಲಿಸಿದರೆ ಇದೇ ಮೂರ್ತಿ, ‘ಆ ಹೆಂಗಸು ಮಾಡಿದ್ದು’ ಎನ್ನುವವರು.

ನಾನು ಜೀಪಿನ ಕಡೆ ಹೋಗಲಿಲ್ಲ. ಚಪ್ಪಲಿ ಬಿಟ್ಟು ಪಟದ ಮುಂದೆ ಹೋಗಿ, ಹ್ಯಾಂಡಲನ್ನು ಇದ್ದ ಜಾಗದಲ್ಲೇ ಇಟ್ಟೆ. ಭಕ್ತಿಯಿಂದಲ್ಲ, ಸಿಟ್ಟಿನಿಂದ.

‘ಹೆಣ್ಣುಮಗಳು ಓಡಿಸಿ ಗಾಡಿ ಕೆಟ್ರ ನಿಮ್ಮ ಬೆಲ್ಟಿಗೆ ಕೆಟ್ಟ ಹೆಸರು ಬರ್ತೈತ್ರಿ ಸಾರ್’ ಎಂದೆ.

ಚೇರ್ಮನ್ನರಿಗೆ ಕನ್ನಡ ಬಾರದಿದ್ದರೂ ಅರ್ಥವಾಯಿತೆಂದು ತೋರುತ್ತದೆ, ಅವರು ಕಾರು ಹತ್ತಿದರು. ಮೂರ್ತಿ ನಿಂತಲ್ಲೇ ಎಲ್ಲ ರದ್ದು ಎಂದರು. ನಾಳೆ ಬೆಳಿಗ್ಗೆ ಆ ಡಬ್ಬವನ್ನು ನನ್ನ ಗೇಟಿನಿಂದ ಆಚೆ ತಳ್ಳಿ ಎಂದರು. ನನ್ನ ಕಡೆ ತಿರುಗಿ, ‘ನಮ್ಮವರೇ ಹೀಗೆ. ಏಣಿ ಹತ್ತಿಸಿದೋರ ಕೈ ಕಡೀತಾರೆ’ ಎಂದರು. ಯಾವ ಏಣಿಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸ್ಟೇಷನ್ ಹತ್ತಿರದ ಲಾಡ್ಜಿನಲ್ಲಿ ಇಳಿದೆವು. ಕುರಿಯನ್ ನನ್ನೊಡನೆ ಮಾತು ಬಿಟ್ಟರು. ಊಟದ ಹೊತ್ತಿಗೆ ಸುಬ್ರಾಯನಿಗೆ ಹೇಳುವಂತೆ, ‘ಒಬ್ಬರ ಅಹಂಕಾರಕ್ಕೆ ಎಲ್ಲರ ಶ್ರಮ ಹೋಯಿತು’ ಎಂದರು. ಮೂರ್ತಿ ಹಿಡಿದಿದ್ದ ಹ್ಯಾಂಡಲನ್ನು ತಾವೂ ಮುಟ್ಟಿರಲಿಲ್ಲ ಎಂಬುದು ಅವರಿಗೆ ಮರೆತಿತ್ತು. ಮುಂದಿನ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಮರುವರ್ಷ ಕುರಿಯನ್ ಇನ್ನೊಂದು ಕಂಪನಿಯನ್ನು ಹಿಡಿದರು, ಹೋದರು, ರಣವನ್ನೂ ಕಂಡುಬಂದರು. ನನ್ನನ್ನು ಕರೆಯಲಿಲ್ಲ. ಸುಬ್ರಾಯ ಅಲ್ಲಿಂದ ಒಂದು ಕಾರ್ಡು ಬರೆದಿದ್ದ, ಬಹಳ ಬಿಸಿಲು ಎಂದು. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು. ಬೆಲ್ಟ್ ಕಂಪನಿಯವರು ನನ್ನ ಫೋಟೋ ಮಾತ್ರ ಬಿಡಲಿಲ್ಲ, ಬಳ್ಳಾರಿಯ ಲಾರಿ ಆಫೀಸೊಂದರ ಗೋಡೆಯ ಮೇಲೆ ಅದನ್ನು ನೋಡಿ ನನ್ನ ಮಾವನವರು ವಾರಗಟ್ಟಲೆ ಮಾತು ಬಿಟ್ಟಿದ್ದರು. ರಣ ನಾನು ಇವತ್ತಿಗೂ ನೋಡಿಲ್ಲ.

ಆದರೆ ದಶಮಿಯ ಬೆಳಿಗ್ಗೆ ಒಂದಿದೆ. ಜೀಪು ತರಲು ಹೋದಾಗ ಕೆಲಸಗಾರರು ಪೂಜೆ ಎತ್ತುತ್ತಿದ್ದರು. ಒಬ್ಬೊಬ್ಬನೂ ಬಂದು ತಾನು ಇಟ್ಟ ಸಲಕರಣೆಯನ್ನು ತಾನೇ ಎತ್ತಿಕೊಂಡು, ಅಲ್ಲೇ ಒಂದಿಷ್ಟು ಕೆಲಸ ಮಾಡಿ ಹೋಗುತ್ತಿದ್ದ. ಬಣ್ಣದವ ಬ್ರಷ್ಷು ಎತ್ತಿ ಒಂದು ಡಬ್ಬಿಯ ಮೇಲೆ ಗೀರಿದ, ಬಾನೆಟ್ ಕಡೆ ಹೋಗಲಿಲ್ಲ. ಕೊನೆಗೆ ವಸ್ತ್ರದ ಮೇಲೆ ಹ್ಯಾಂಡಲ್ ಒಂದೇ ಉಳಿಯಿತು. ಕುರಿಯನ್ ಕೈ ಚಾಚಿದರು.

ವಾಸು ಮೇಸ್ತ್ರಿ ಅಡ್ಡ ಬಂದ. ‘ಇಟ್ಟವರೇ ಎತ್ತಬೇಕು’ ಎಂದ. ಆಮೇಲೆ ನನ್ನನ್ನು ನೋಡಿದ. ಆ ನೋಟದಲ್ಲಿ ಸ್ನೇಹವೇನೂ ಇರಲಿಲ್ಲ. ‘ಕೊನೆಗೆ ಇಟ್ಟವರು ಮೇಡಂ. ಎತ್ತಿದವರು ಕೆಲಸ ಮಾಡಿ ಮುಗಿಸಬೇಕು. ಪದ್ಧತಿ.’

ನಾನು ಎತ್ತಿದೆ. ಅಪ್ಪ ಕಲಿಸಿದಂತೆ ಹೆಬ್ಬೆರಳನ್ನು ಹಿಡಿಯ ಸುತ್ತ ಹಾಕದೆ, ಬೆರಳುಗಳ ಜೊತೆಗೇ ಇಟ್ಟು, ಮೇಲಕ್ಕೆ ಒಂದೇ ಎಳೆತ ಎಳೆದೆ. ಎಂಜಿನ್ ಹಿಡಿಯಿತು. ಓಡಿಹೋಗಿ ಸೀಟಿನಲ್ಲಿ ಕೂತೆ. ಕುರಿಯನ್ ಏನೋ ಹೇಳಹೋಗಿ, ಬಾಗಿಲಲ್ಲಿ ನಿಂತವರನ್ನು ನೋಡಿ, ಪಕ್ಕದ ಸೀಟು ಹತ್ತಿದರು. ಸುಬ್ರಾಯ ಹಿಂದೆ ಕೂತ. ಮೂರ್ತಿ ಆಫೀಸಿನ ಕಿಟಕಿಯಲ್ಲಿದ್ದರು, ಅರ್ಧ ಹೆಸರು ಬರೆದ ಬಾನೆಟ್ ಅವರಿಗೆ ಚೆನ್ನಾಗಿ ಕಾಣಲೆಂದು ಗೇಟಿನಲ್ಲಿ ನಿಧಾನವಾಗಿ ತಿರುಗಿಸಿದೆ.

ತಿರುವನಂತಪುರದ ದಾರಿ ಹಿಡಿದೆ. ಎರ್ನಾಕುಲಂ ದಾಟಿತು, ಆಲಪ್ಪುಳದ ಕಾಲುವೆಗಳು ದಾಟಿದವು. ಕೊಲ್ಲಂನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಕುರಿಯನ್, ನಿಮಗೆ ದಣಿವಾಗಿರಬೇಕು, ಇನ್ನು ನಾನು ಹಿಡಿಯುತ್ತೇನೆ ಎಂದರು. ಆಗಿಲ್ಲ ಎಂದೆ. ಆಟಿಂಗಲ್ ಹತ್ತಿರ ಮಳೆ ಹೊಯ್ಯಿತು, ಟಾರ್ಪಾಲು ಸೋರಿ ನನ್ನ ಮಡಿಲು ತೊಯ್ದಿತು. ತೋಳು ಮರಗಟ್ಟಿತ್ತು. ಕಳಕ್ಕೂಟ್ಟಂ ಬಂದಾಗ ಅವರು ಕೂದಲು ಬಾಚಿಕೊಂಡು, ಬಹಳ ಮೃದುವಾಗಿ ಮಾತು ತೆಗೆದರು.

‘ಗಿರಿಜಾ, ಶ್ರೀಕಾರ್ಯಂ ಹತ್ತಿರ ಬಂತು. ಕಾಲೇಜಿನವರು, ಹುಡುಗರು ಎಲ್ಲ ರಸ್ತೆಯಲ್ಲಿರುತ್ತಾರೆ, ನೋಡುತ್ತಾರೆ. ಇಲ್ಲಿಂದಾದರೂ ನಾನು ಓಡಿಸಿದರೆ ಚಂದ.’

‘ನೋಡ್ಲಿ ಬಿಡ್ರಿ’ ಎಂದು ನಾನು ಗೇರ್ ಬದಲಿಸಿದೆ.